ಹದಿನೇಳನೇ ಮೇಜಿನ ಎರಡು ರೂಪಾಯಿ

ಬೆಂಗಳೂರು ವಿಮಾನ ನಿಲ್ದಾಣ

ಮೂವತ್ತೊಂದು ವರ್ಷ ನಿಂತೇ ಪ್ರಯಾಣ ಮಾಡಿದವನು ನಾನು. ಮೈಸೂರಿನಿಂದ ಹುಣಸೂರು, ಹುಣಸೂರಿನಿಂದ ಪಿರಿಯಾಪಟ್ಟಣ, ಎಚ್.ಡಿ. ಕೋಟೆಯಿಂದ ಕೇರಳದ ಗಡಿ ಹತ್ತಿರದ ಎನ್. ಬೇಗೂರು, ಎಲ್ಲವೂ ನಿಂತುಕೊಂಡೇ. ಸರ್ಕಾರಿ ಬಸ್ಸಿನ ಕಂಡಕ್ಟರಿಗೆ ಒಂದು ಸೀಟು ಇರುತ್ತದೆ, ಅದರಲ್ಲಿ ಕೂರುವ ಯೋಗ ಇರುವುದಿಲ್ಲ. ಅಂಥವನು ನಿವೃತ್ತನಾಗಿ, ಪಾಸ್‌ಪೋರ್ಟ್ ಮಾಡಿಸಿಕೊಂಡು, ಸಿಂಗಪುರಕ್ಕೆ ಹೊರಟದ್ದು ಓಡದ ಕಾಸುಗಳ ದೆಸೆಯಿಂದ. ಅಲ್ಲಿ ನನ್ನನ್ನು ಕಳ್ಳ ಅನ್ನುವ ಗಳಿಗೆಯೂ ಬಂತು. ಆ ಕಥೆ ಹೇಳಿಯೇ ಬಿಡುತ್ತೇನೆ, ಇಲ್ಲದಿದ್ದರೆ ನಮ್ಮೂರು ಬಿಳಿಕೆರೆಯಲ್ಲಿ ಇದಕ್ಕೆ ಕೈಕಾಲು ಮೂಡಿ ನಾನು ಜೈಲಿನಲ್ಲಿದ್ದು ಬಂದೆ ಅನ್ನುವಲ್ಲಿಗೆ ಹೋಗಿ ನಿಲ್ಲುತ್ತದೆ.

ಜೊತೆಗಿದ್ದವನು ಕೆ.ಆರ್. ನಗರದ ಚೆಲುವರಾಜು. ಬಸ್ ನಿಲ್ದಾಣದ ಎದುರು ಅವನದೊಂದು ವಾಚ್ ರಿಪೇರಿ ಅಂಗಡಿ. ಟಂಕಸಾಲೆಯಲ್ಲಿ ಎಡವಟ್ಟಾಗಿ ಹೊರಬಿದ್ದ ನಾಣ್ಯ ಅಂದರೆ ಅವನಿಗೆ ಪ್ರಾಣ. ಅಚ್ಚು ಪಕ್ಕಕ್ಕೆ ಸರಿದ ರೂಪಾಯಿ, ಎರಡು ಸಲ ಅಚ್ಚು ಬಿದ್ದ ಎಂಟಾಣೆ, ಅಂಚು ಕಚ್ಚಿಹೋದ ಐದು ರೂಪಾಯಿ. ಜನ ಇವನ್ನು ಓಡಲ್ಲ ಎಂದು ಕಂಡಕ್ಟರಿಗೇ ದಾಟಿಸುತ್ತಾರೆ. ನಾನು ಡ್ಯೂಟಿ ಮುಗಿಸಿ ಅವನ್ನು ಚೆಲುವನ ಕೈಗೆ ಹಾಕುತ್ತಿದ್ದೆ, ಅವನು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿ ಟೀ ಕುಡಿಸುತ್ತಿದ್ದ. ಕೆ.ಆರ್. ನಗರದಲ್ಲಿ ಅವನಿಗೆ ತೂತುಕಾಸು ಚೆಲುವ ಎಂದೇ ಹೆಸರು.

ಸಿಂಗಪುರದಲ್ಲಿ ಇಂಥ ನಾಣ್ಯಗಳನ್ನೇ ಕೂಡಿಸುವವರ ಸಮ್ಮೇಳನವಿದೆ, ಅಲ್ಲಿ ತನ್ನ ನಾಣ್ಯಗಳ ಪ್ರದರ್ಶನಕ್ಕೆ ಒಂದು ಮೇಜು ಕೊಟ್ಟಿದ್ದಾರೆ, ತೀರ್ಪುಗಾರರು ಬಂದು ನೋಡುತ್ತಾರೆ ಎಂದು ಅವನು ಹೇಳಿದಾಗ ನಾನು ನಗಲಿಲ್ಲ. ಅವನ ಮುಖ ನಗುವ ಹಾಗಿರಲಿಲ್ಲ. ಗೊತ್ತಿರುವವರು ಒಂದೇ ಒಂದು ಸಲ ನೋಡಿ ಸೈ ಅಂದರೆ ಸಾಕು ಸ್ವಾಮಣ್ಣ ಅಂದ. ಒಬ್ಬನೇ ಹೋಗಲು ಭಯ, ಅರ್ಧ ನಾಣ್ಯ ನಿಮ್ಮವೇ, ಬನ್ನಿ ಎಂದು ಕರೆದ. ಖರ್ಚಿನ ಮಾತು ಬೇಡ, ಇಬ್ಬರ ಹೆಂಡತಿಯರೂ ಇದನ್ನು ಓದುತ್ತಾರೆ.

ನನ್ನಾಕೆ ಜಯಮ್ಮ ಪ್ಯಾಂಟಿನ ಜೇಬನ್ನು ನಂಬುವವಳಲ್ಲ. ಪಾಸ್‌ಪೋರ್ಟ್ ಇಡಲು ರೆಕ್ಸಿನ್ನಿನ ಚೀಲ ಹೊಲಿದು, ಹೆಗಲಿಂದ ಎಡ ಸೊಂಟಕ್ಕೆ ಇಳಿಬೀಳುವ ಹಾಗೆ ಪಟ್ಟಿ ಹಚ್ಚಿದ್ದಳು. ತಗುಲಿಸಿಕೊಂಡ ಕೂಡಲೇ ಮತ್ತೆ ಡ್ಯೂಟಿಗೆ ಹೊರಟ ಗತ್ತು ಬಂತು.

ವಿಮಾನ ಹತ್ತುವ ಮೊದಲೇ ಚೆಲುವನ ಪೆಟ್ಟಿಗೆಯನ್ನು ತಪಾಸಣೆಯವರು ಪಕ್ಕಕ್ಕೆ ಎಳೆದರು.

"ಏನ್ರೀ ಇದು, ಅಂಗಡಿ ಚಿಲ್ರೆನಾ?" ಅಂದರು ಅಧಿಕಾರಿ.

"ಅಲ್ಲ ಸಾರ್, ಓಡದ ಕಾಸು," ಅಂದ ಚೆಲುವ. ಅವನ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು.

"ಓಡದೇ ಇರೋ ಕಾಸ್ ತಗೊಂಡು ಫಾರಿನ್‌ಗೆ ಹೋಗ್ತಿದೀರಾ?"

"ಇಲ್ಲಿ ಓಡಲಿಲ್ಲ ಅಂತ್ಲೇ ಸಾರ್ ಅಲ್ಲಿಗೆ ಹೋಗ್ತಿರೋದು," ಅಂದೆ ನಾನು. ಚೆಲುವ ನನ್ನ ಕಾಲು ತುಳಿದ. "ಬಾಯ್ ಮುಚ್ಕಂಡಿರಿ ಒಸಿ" ಎಂದು ಪಿಸುಗುಟ್ಟಿದ.

ನೂರು ವರ್ಷ ದಾಟಿದ ನಾಣ್ಯವನ್ನು ದೇಶದಾಚೆ ಒಯ್ಯುವ ಹಾಗಿಲ್ಲ. ನಮ್ಮವೆಲ್ಲ ಸ್ವಾತಂತ್ರ್ಯ ಬಂದ ಮೇಲಿನವು. ಅದನ್ನು ಒಂದೊಂದಾಗಿ ತೋರಿಸಿ ಒಪ್ಪಿಸುವಷ್ಟರಲ್ಲಿ ನಮ್ಮ ಹೆಸರನ್ನು ಎರಡು ಸಲ ಮೈಕಿನಲ್ಲಿ ಕೂಗಿಯಾಗಿತ್ತು. ಇಬ್ಬರೂ ಓಡಿದೆವು. ಬಸ್ಸಿನ ಹಿಂದೆ ಓಡಿಬರುವವರನ್ನು ಕಂಡೂ ಎಷ್ಟು ಸಲ ಬೆಲ್ ಹೊಡೆದಿದ್ದೆನೋ, ಅವತ್ತು ನೆನಪಾಗಿ ನಾಚಿಕೆಯಾಯಿತು.

ಸಿಂಗಪುರ, ಇಳಿದ ದಿನ

ಅಲ್ಲಿನ ರೈಲಿನಲ್ಲಿ ಕಂಡಕ್ಟರ್ ಇಲ್ಲ, ಡ್ರೈವರನೂ ಕಾಣಲಿಲ್ಲ. ಜನ ಒಂದು ಕಾರ್ಡು ತಟ್ಟಿ ಒಳಗೆ ಬಂದು, ಫೋನು ನೋಡುತ್ತಾ ನಿಂತು, ಕಾರ್ಡು ತಟ್ಟಿ ಹೊರಗೆ ಹೋಗುತ್ತಾರೆ. ಯಾರೂ ಯಾರನ್ನೂ ಬೈಯುವುದಿಲ್ಲ. ಇಷ್ಟು ಜನರನ್ನು ಒಬ್ಬನೂ ಕೇಳುವವನಿಲ್ಲದೆ ಬಿಟ್ಟಿದ್ದಾರಲ್ಲ ಎಂದು ನನಗೆ ಸಂಕಟ. ಬಾಗಿಲ ಹತ್ತಿರ ಗುಂಪುಗಟ್ಟಿದವರನ್ನು ಕಂಡು ನಾಲಗೆ ತುದಿಗೆ "ಒಳಕ್ಕೋಗ್ರಿ" ಬಂದೇಬಿಟ್ಟಿತ್ತು, ನುಂಗಿಕೊಂಡೆ.

ಊಟಕ್ಕೆ ಹೋದದ್ದು ದೊಡ್ಡ ಚಾವಣಿಯ ಕೆಳಗೆ ನೂರಾರು ಅಂಗಡಿಗಳಿರುವ ಜಾಗಕ್ಕೆ. ಒಂದು ಮೇಜು ಖಾಲಿಯಿತ್ತು, ಮೇಲೆ ಒಂದು ಪೊಟ್ಟಣ ಕಾಗದದ ಕರವಸ್ತ್ರ. ಎಷ್ಟು ಒಳ್ಳೆಯ ಜನ, ಬಾಯಿ ಒರೆಸಲೂ ಇಟ್ಟಿದ್ದಾರೆ ಎಂದು ನಾನು ಕೂತು, ಪೊಟ್ಟಣ ಬಿಚ್ಚಿ, ಬೆವರು ಒರೆಸಿಕೊಂಡೆ. ಸ್ವಲ್ಪ ಹೊತ್ತಿಗೆ ತಟ್ಟೆ ಹಿಡಿದ ಹೆಂಗಸೊಬ್ಬಳು ಬಂದು ನನ್ನನ್ನೇ ನೋಡುತ್ತಾ ನಿಂತಳು. ಆ ಪೊಟ್ಟಣ ಇಟ್ಟರೆ ಜಾಗ ಅವರದು ಎಂದು ಲೆಕ್ಕವಂತೆ. ನಮ್ಮಲ್ಲಿ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುವುದಿಲ್ಲವೇ, ಅದೇ. ಆ ಟವಲ್ಲಿನ ಜಗಳಗಳನ್ನು ಮೂವತ್ತು ವರ್ಷ ಬಿಡಿಸಿದ ನಾನೇ ಇನ್ನೊಬ್ಬರ ಟವಲ್ಲಿನಲ್ಲಿ ಮುಖ ಒರೆಸಿಕೊಂಡು ಕೂತಿದ್ದೆ.

ಆಕೆ ಬೈಯಲಿಲ್ಲ. "ನೆವರ್ ಮೈಂಡ್ ಲಾ" ಅಂದು ನಕ್ಕಳು. ಮಾತಿನ ಕೊನೆಗೆ ಅವರೂ 'ಲಾ' ಹಚ್ಚುತ್ತಾರೆ. ನನಗೆ ಹುಣಸೂರು ಸಂತೆಯಲ್ಲಿ ನಿಂತ ಹಾಗಾಗಿ, ಇದು ನಮ್ಮೂರೇ ಅನ್ನುವ ಧೈರ್ಯ ಬಂತು. ಆ ಧೈರ್ಯ ಮರುದಿನ ಮಧ್ಯಾಹ್ನದವರೆಗೂ ಇತ್ತು.

ಸಮ್ಮೇಳನದ ಸಭಾಂಗಣ

ಹೋಟೆಲೊಂದರ ಮೂರನೇ ಮಹಡಿಯಲ್ಲಿ ಸಭಾಂಗಣ. ಮೂಳೆ ಕೊರೆಯುವ ತಣ್ಣನೆ ಗಾಳಿ, ಕಾಲು ಹೂತುಹೋಗುವ ದಪ್ಪ ಜಮಖಾನ. ಸಾಲು ಸಾಲು ಮೇಜು, ಪ್ರತಿ ಮೇಜಿಗೂ ಕುತ್ತಿಗೆ ಬಾಗಿಸಿದ ಒಂದು ದೀಪ, ದೀಪದ ಕೆಳಗೆ ಮಖಮಲ್ಲಿನ ಹಲಗೆ. ಅಷ್ಟು ಜನ ಇದ್ದರೂ ಆಸ್ಪತ್ರೆಯ ಹಾಗೆ ಪಿಸುಮಾತು. ಎಲ್ಲರೂ ಚೆಲುವನಂಥವರೇ, ಕಣ್ಣಿಗೆ ಮಸೂರ, ಬಗ್ಗಿದ ಬೆನ್ನು. ಲೋಕದಲ್ಲಿ ಇಷ್ಟೊಂದು ಚೆಲುವರಾಜುಗಳು ಇದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ, ಬಾಗಿಲಲ್ಲೇ ನಿಂತು ಕಣ್ಣು ಒರೆಸಿಕೊಂಡ.

ಅವನು ನನಗೆ ಮೊದಲೇ ಪಾಠ ಹೇಳಿದ್ದ. ನಾಣ್ಯವನ್ನು ಅಂಚಿನಲ್ಲೇ ಹಿಡಿಯಬೇಕು, ಮುಖಕ್ಕೆ ಹೆಬ್ಬೆರಳು ತಾಗಿಸಬಾರದು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡಬಾರದು. ಅವರು ಮಖಮಲ್ಲಿನ ಮೇಲೆ ಇಡುತ್ತಾರೆ, ನೀವು ಎತ್ತಿಕೊಳ್ಳಬೇಕು, ನೋಡಿ ಮತ್ತೆ ಅಲ್ಲೇ ಇಡಬೇಕು. ಬಿದ್ದರೆ ಯಾರ ಕೈಯಿಂದ ಬಿತ್ತು ಅನ್ನುವ ತಕರಾರು ಬರಬಾರದಲ್ಲ, ಅದಕ್ಕೆ. ಕಾಸು ಎಂದರೆ ಕೈಯಿಂದ ಕೈಗೆ ಹೋಗುವುದೇ ಅಂದುಕೊಂಡಿದ್ದ ನನಗೆ ಇದು ಮಡಿ ಅನ್ನಿಸಿತು.

ಚೆಲುವನ ಪ್ರದರ್ಶನ ಗೋಡೆಯ ಪಕ್ಕದಲ್ಲಿತ್ತು. ಕಪ್ಪು ಬಟ್ಟೆಯ ಮೇಲೆ ನಾಣ್ಯಗಳು, ಒಂದೊಂದರ ಕೆಳಗೂ ಅದು ಸಿಕ್ಕ ಜಾಗದ ಹೆಸರು. ಗುರುಪುರದ ಟಿಬೆಟನ್ನರ ಮೊಮೊ ಅಂಗಡಿ. ಎನ್. ಬೇಗೂರಿನ ಟೀ ಅಂಗಡಿ. ಪಿರಿಯಾಪಟ್ಟಣದ ಹೂವಿನವಳು. ಕೋಟೆ ಬಸ್ಸು, ಕೊನೆಯ ಸೀಟು. ಬೇರೆಯವರ ಚೀಟಿಗಳಲ್ಲಿ ತೂಕ ಮತ್ತು ಲೋಹದ ಹೆಸರು ಇದ್ದರೆ ಇವನದರಲ್ಲಿ ನಮ್ಮ ನಾಲ್ಕು ತಾಲ್ಲೂಕು ಇತ್ತು. ಜನ ನಿಂತು ಓದುತ್ತಿದ್ದರು. ತೀರ್ಪುಗಾರರು ಬರುವುದು ಮರುದಿನ ಬೆಳಿಗ್ಗೆ.

ನಾನು ಸುತ್ತಾಡುತ್ತಾ ಹದಿನೇಳನೇ ಮೇಜಿಗೆ ಹೋದೆ. ಅಲ್ಲಿ ಪಕ್ಕದ ದೇಶದ ಪೆನಾಂಗಿನಿಂದ ಬಂದ ಒಬ್ಬ ಚೀನೀ ಅಜ್ಜಿ ಕೂತಿದ್ದರು. ಬೆಳ್ಳಗಿನ ಮೋಟು ಕೂದಲು, ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕು. ಹೆಸರು ಹೇಳಿದರು, ನನ್ನ ನಾಲಗೆಗೆ ಹತ್ತಲಿಲ್ಲ. ನಾನು ಇಂಡಿಯಾದವನು ಎಂದು ತಿಳಿದ ಕೂಡಲೇ ಡಬ್ಬಿಯೊಂದನ್ನು ತೆರೆದು, ಹನ್ನೊಂದು ಮೂಲೆಯ ನಮ್ಮ ಹಳೇ ಎರಡು ರೂಪಾಯಿಯನ್ನು ಮಖಮಲ್ಲಿನ ಮೇಲೆ ಇಟ್ಟರು. ಎತ್ತಿ ನೋಡಿದೆ, ಸಿಂಹ. ತಿರುಗಿಸಿದೆ, ಆ ಕಡೆಯೂ ಸಿಂಹ!

ನನಗೆ ಮೈ ಜುಮ್ಮೆಂದಿತು. ಅಂಥದ್ದೇ ಒಂದು ನನ್ನ ಕೈಗೆ ಕೋಟೆ ಸಂತೆಯ ದಿನ ಬಂದಿತ್ತು. ಗದ್ದಲದಲ್ಲಿ ಒಬ್ಬ ಹೆಂಗಸಿಗೆ ಚಿಲ್ಲರೆಯಾಗಿ ಕೊಟ್ಟುಬಿಟ್ಟು, ಚೆಲುವನಿಂದ ಆರು ತಿಂಗಳು ಬೈಸಿಕೊಂಡಿದ್ದೆ. ಅದನ್ನೆಲ್ಲ ನನ್ನ ಮುರುಕು ಇಂಗ್ಲಿಷಿನಲ್ಲಿ ಕೈಬಾಯಿ ಆಡಿಸಿ ಹೇಳಿದೆ. "ಇದು ನನ್ನದಾಗಬೇಕಾಗಿತ್ತು!" ಎಂದು ಜೋರಾಗಿಯೇ ಅಂದೆ. ಅಕ್ಕಪಕ್ಕದವರೂ ನಕ್ಕರು. ಅಷ್ಟರಲ್ಲಿ ಇಕ್ಕಟ್ಟಿನ ದಾರಿಯಲ್ಲಿ ಒಂದು ದೊಡ್ಡ ಗುಂಪು ಪೆಟ್ಟಿಗೆಗಳನ್ನು ತಳ್ಳಿಕೊಂಡು ಬಂತು. ನಾನು ಮೇಜಿಗೆ ಒತ್ತಿ ನಿಂತು, "ಮುಂದಕ್ಕೆ ನಡೀರಿ, ನಡೀರಿ ಮುಂದಕ್ಕೆ" ಎಂದು ಕನ್ನಡದಲ್ಲೇ ಅವರನ್ನೆಲ್ಲ ಸಾಗಹಾಕಿದೆ. ಮತ್ತೆ ನಗು. ಅಜ್ಜಿಯ ಹತ್ತಿರ ಬೇರೆ ಯಾರೋ ಮಾತಿಗೆ ನಿಂತರು. ನಾನು ಕೈಮುಗಿದು ಚೆಲುವನ ಕಡೆಗೆ ಬಂದೆ.

ನಾಣ್ಯವನ್ನು ಮಖಮಲ್ಲಿನ ಮೇಲೆ ಇಟ್ಟೇ ಬಂದೆ. ಯಾವ ದೇವರ ಮುಂದೆ ಬೇಕಾದರೂ ಹಾಗೆಂದು ಪ್ರಮಾಣ ಮಾಡುತ್ತಿದ್ದೆ.

ಪಕ್ಕದ ಕೋಣೆ

ಊಟ ಮುಗಿಸಿ ಬಂದಾಗ ಸಭಾಂಗಣದ ಬಾಗಿಲು ಹಾಕಿತ್ತು. ಪಿಸುಮಾತೂ ನಿಂತಿತ್ತು. ಉದ್ದನೆ ಕೋಲುಮುಖದ ಒಬ್ಬರು ನನ್ನ ಹತ್ತಿರ ಬಂದು, "ಸಾರ್, ಎರಡು ನಿಮಿಷ ಆ ಕೋಣೆಗೆ ಬರುತ್ತೀರಾ?" ಎಂದು ತಮಿಳಿನಲ್ಲಿ ಕೇಳಿದರು. ಅವರು ಮುರುಗೇಸನ್, ಸಮ್ಮೇಳನದ ಉಸ್ತುವಾರಿ ಅವರದೇ. ಹೊಗೆಸೊಪ್ಪಿನ ವ್ಯಾಪಾರಿಗಳಿಂದ ಕಲಿತ ಅಷ್ಟಿಷ್ಟು ತಮಿಳು ನನಗೂ ಬರುತ್ತದೆ.

ಹದಿನೇಳನೇ ಮೇಜಿನ ಎರಡು ರೂಪಾಯಿ ಕಾಣೆಯಾಗಿತ್ತು. ಕೊನೆಯದಾಗಿ ಅದನ್ನು ಹಿಡಿದವನು ನಾನು. ಇದು ನನ್ನದಾಗಬೇಕಾಗಿತ್ತು ಎಂದು ಹತ್ತು ಜನರ ಮುಂದೆ ಕೂಗಿದವನೂ ನಾನೇ. ಕ್ಯಾಮೆರಾ ಇತ್ತು, ಅದರಲ್ಲಿ ಗುಂಪಿನ ಬೆನ್ನು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ನನ್ನನ್ನು ತಪಾಸಣೆ ಮಾಡಿದವರು ಇವರೇ ಮೊದಲಲ್ಲ. ನಮ್ಮ ಚೆಕಿಂಗ್ ಸ್ಕ್ವಾಡಿನವರು ಬಸ್ಸನ್ನು ರಸ್ತೆ ಮಧ್ಯೆ ನಿಲ್ಲಿಸಿ, ಕೂಗಾಡಿ, ಚೀಲ ಸುರಿಸುತ್ತಾರೆ. ನಾವೂ ಕೂಗಾಡುತ್ತೇವೆ, ಪ್ರಯಾಣಿಕರು ನಮ್ಮ ಪರ ನಿಲ್ಲುತ್ತಾರೆ, ಕೋಪ ಇಳಿದು ಹೋಗುತ್ತದೆ. ಇಲ್ಲಿ ನನಗೆ ಕುರ್ಚಿ ಕೊಟ್ಟರು, ಒಂದು ಲೋಟ ನೀರು ಕೊಟ್ಟರು. ಯಾರೂ ದನಿ ಎತ್ತಲಿಲ್ಲ. ಬಾಗಿಲ ಗಾಜಿನಾಚೆ ಓಡಾಡುವವರು ನನ್ನ ಕಡೆ ನೋಡದೆ ಹೋಗುತ್ತಿದ್ದರು. ನನಗೆ ಹೆದರಿಕೆಯಾಯಿತು.

ಹೆದರಿದಾಗ ನನಗೆ ಬರುವುದು ಸಿಟ್ಟು. "ಮೂವತ್ತೊಂದು ವರ್ಷ ಸರ್ಕಾರದ ಚೀಲ ಹೊತ್ತವನು ನಾನು, ಕಳ್ಳ ಅಂದುಕೊಂಡಿರಾ? ಪೊಲೀಸರನ್ನೇ ಕರೆಯಿರಿ!" ಎಂದು ಮೇಜು ಗುದ್ದಿದೆ. ನೀರಿನ ಲೋಟ ಉರುಳಿತು. ಮುರುಗೇಸನ್ ಕಾಗದದ ಕರವಸ್ತ್ರದಿಂದ ಮೇಜು ಒರೆಸಿ, "ಸಂಜೆಯೊಳಗೆ ಸಿಗದಿದ್ದರೆ ಕರೆಯಲೇಬೇಕು ಸಾರ್, ಅದು ಇಲ್ಲಿಯ ನಿಯಮ" ಎಂದರು, ಅಷ್ಟೇ ಮೆತ್ತಗೆ.

ಆಗ ಚೆಲುವ ಒಳಗೆ ನುಗ್ಗಿದ. ಸುದ್ದಿ ಅವನಿಗೆ ಮುಟ್ಟಿತ್ತು. ಅಂಗಡಿಯಲ್ಲಿ ಗಿರಾಕಿಯ ಜೊತೆಗೂ ದನಿ ಎತ್ತದವನು ಅವನು.

"ಇವ್ರು ಅಂಥೋರಲ್ಲ ಸಾರ್," ಎಂದು ಕನ್ನಡದಲ್ಲೇ ಶುರುಮಾಡಿ, ನೆನಪಾಗಿ ಇಂಗ್ಲಿಷಿಗೆ ಹೊರಳಿದ. "ನನ್ನ ಗ್ಯಾರಂಟಿ. ಆ ನಾಣ್ಯ ಇವರ ಹತ್ತಿರ ಸಿಕ್ಕರೆ ನನ್ನ ಪ್ರದರ್ಶನ ಇವತ್ತೇ ತೆಗೆದುಹಾಕಿ. ಇನ್ನು ಮೇಲೆ ನನ್ನನ್ನು ಒಳಗೆ ಸೇರಿಸಬೇಡಿ. ಬರೆದುಕೊಡುತ್ತೇನೆ."

ಬರೆಯುವುದು ಬೇಡ, ನಿಮ್ಮ ಮಾತು ಸಾಕು ಎಂದರು ಮುರುಗೇಸನ್. ನನ್ನ ಕಡೆ ತಿರುಗಿ, ಹೆಸರು ಗುರುತು ಹಾಕಿಕೊಳ್ಳಬೇಕು, ಪಾಸ್‌ಪೋರ್ಟ್ ಕೊಡಿ ಎಂದು ಕೇಳಿದರು. ತಗೊಳ್ಳಿ, ನೋಡಿಕೊಳ್ಳಿ ಎಂದು ನಾನು ಸೊಂಟದ ಚೀಲದೊಳಕ್ಕೆ ಕೈ ಹಾಕಿದೆ.

ಪಾಸ್‌ಪೋರ್ಟಿನ ಕೆಳಗೆ ಬೆರಳಿಗೆ ಮೂಲೆ ತಾಗಿತು. ಒಂದಲ್ಲ, ಹನ್ನೊಂದು ಮೂಲೆ.

ಕಂಡಕ್ಟರ್ ಕೆಲಸದಲ್ಲಿ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜನ ತುಂಬಿದ ಬಸ್ಸಿನಲ್ಲಿ ಕೈಗೆ ಕಾಸು ಬಿದ್ದರೆ ಕೈ ತಾನಾಗಿ ಸೊಂಟದ ಚೀಲಕ್ಕೆ ಹೋಗಿ ಕೊಡವಿ ಬರುತ್ತದೆ. ಬಾಯಿ ಒಂದು ಕಡೆ, ಕಣ್ಣು ಒಂದು ಕಡೆ, ಕೈ ತನ್ನ ಪಾಡಿಗೆ. ದಿನಕ್ಕೆ ನೂರಾರು ಸಲ, ಮೂವತ್ತೊಂದು ವರ್ಷ. ಹಬ್ಬದ ದಿನ ಚೀಟಿಪಾಟಿ ಹಣವನ್ನು ಸೊಂಟಕ್ಕೆ ಹಾಕಲು ಹೋಗಿ ಚೀಲವಿಲ್ಲದೆ ನೆಲಕ್ಕೆ ಸುರಿದು ಜಯಮ್ಮನಿಂದ ಬೈಸಿಕೊಂಡವನು ನಾನು. ಅವತ್ತು ಆ ಗುಂಪು ನುಗ್ಗಿತು, ನಾನು ಮುಂದಕ್ಕೆ ನಡೀರಿ ಅಂದೆ, ಕೈ ತನ್ನ ಕೆಲಸ ಮಾಡಿಬಿಟ್ಟಿತ್ತು.

ಆದರೆ ಇದನ್ನು ಯಾರು ನಂಬುತ್ತಾರೆ? ನಾನೇ ಆ ಮೇಜಿನ ಆಚೆ ಕೂತಿದ್ದರೆ ನಂಬುತ್ತಿರಲಿಲ್ಲ. ಚೆಲುವ ಮಾತು ಕೊಟ್ಟು ಅರ್ಧ ನಿಮಿಷ ಕೂಡ ಆಗಿರಲಿಲ್ಲ. ನಾನು ನಾಣ್ಯವನ್ನು ತೋರುಬೆರಳು ಮತ್ತು ನಡುಬೆರಳ ಸಂದಿಗೆ ಸಿಕ್ಕಿಸಿ, ಪಾಸ್‌ಪೋರ್ಟ್ ಹೊರಗೆ ತೆಗೆದು ಕೊಟ್ಟೆ. ಕಾಸು ಮರೆಮಾಡುವುದು ನಮ್ಮ ಬೆರಳುಗಳಿಗೆ ಕಷ್ಟವಲ್ಲ. "ಇನ್ನೊಂದು ಸಲ ಆ ಮೇಜಿನ ಹತ್ತಿರ ಹುಡುಕೋಣ" ಅಂದೆ. ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು.

ಹದಿನೇಳನೇ ಮೇಜು

ಕೋಣೆಯಿಂದ ಆ ಮೇಜಿಗೆ ಮೂವತ್ತು ಹೆಜ್ಜೆ ಇರಬಹುದು. ದಪ್ಪ ಜಮಖಾನ, ಬಿದ್ದರೆ ಸದ್ದಾಗುವುದಿಲ್ಲ. ಮೇಜಿನ ಬಟ್ಟೆ ನೆಲದವರೆಗೂ ಇಳಿಬಿದ್ದಿದೆ. ಬಗ್ಗಿ, ಬಟ್ಟೆಯೊಳಕ್ಕೆ ಕೈ ಚಾಚಿ, ಬೆರಳು ಸಡಿಲಿಸಿದರೆ ಮುಗಿಯಿತು. ಇಗೋ ಇಲ್ಲಿದೆ ಅಂದರೆ ಎಲ್ಲರೂ ನಗುತ್ತಾರೆ, ಚೆಲುವನ ಪ್ರದರ್ಶನ ಉಳಿಯುತ್ತದೆ, ನನ್ನ ಮಾನ ಉಳಿಯುತ್ತದೆ. ಇದನ್ನು ಯೋಚಿಸಲು ಮೂವತ್ತು ಹೆಜ್ಜೆ ಧಾರಾಳವಾಯಿತು.

ನಾನು ಮಂಡಿಯೂರಿ ಮೇಜಿನ ಬಟ್ಟೆ ಎತ್ತಿದೆ. ಒಳಗೆ ಬೆಳಕಿತ್ತು. ಆ ಅಜ್ಜಿ ಚಪ್ಪಲಿ ಬಿಟ್ಟು, ಅಂಗೈ ಮಂಡಿ ಊರಿ ತೆವಳುತ್ತಾ, ಫೋನಿನ ದೀಪ ಹಿಡಿದು ಹುಡುಕುತ್ತಿದ್ದರು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಕೂದಲಿಗೆ ಧೂಳು ಹತ್ತಿತ್ತು, ಏದುಸಿರು ಬಿಡುತ್ತಿದ್ದರು. ನನ್ನನ್ನು ಕಂಡು ಅಲ್ಲೇ ಕುಕ್ಕರಿಸಿ ಕೂತರು.

"ನಿಮ್ಮನ್ನು ಬಿಟ್ಟುಬಿಡಿ ಎಂದು ಅವರಿಗೆ ಹೇಳಿದ್ದೇನೆ," ಅಂದರು. "ನನಗೆ ವಯಸ್ಸಾಯಿತು, ಎಲ್ಲಿ ಇಟ್ಟೆನೋ ನೆನಪಿಲ್ಲ. ನಿಮಗೆ ಅವಮಾನವಾಯಿತು. ಸಾರಿ ಲಾ."

ನನ್ನ ಬೆರಳ ಸಂದಿಯಲ್ಲಿ ಅವರ ನಾಣ್ಯ ಒತ್ತುತ್ತಿತ್ತು. ಅವರು ನನ್ನ ಕ್ಷಮೆ ಕೇಳುತ್ತಿದ್ದರು. ಸ್ಕ್ವಾಡಿನವರು ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ನಾನು ಹಿಂದಕ್ಕೆ ಸರಿದು, ಎದ್ದು ನಿಂತು, ದೀಪದ ಕೆಳಗಿನ ಮಖಮಲ್ಲಿನ ಮೇಲೆ ನಾಣ್ಯವನ್ನು ಇಟ್ಟೆ. "ನನ್ನ ಚೀಲದಲ್ಲಿತ್ತು," ಅಂದೆ.

ಚೆಲುವ ನನ್ನ ಹಿಂದೆಯೇ ನಿಂತಿದ್ದ, ತಿರುಗಿ ಅವನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

"ಯಾವಾಗ ಹಾಕಿಕೊಂಡಿರಿ?" ಎಂದು ಮುರುಗೇಸನ್ ಕೇಳಿದರು. ಗೊತ್ತಿಲ್ಲ ಅಂದೆ. ಕಂಡಕ್ಟರ್ ಕೈಯ ವಿಷಯ ಹೇಳಿದೆ. ಹೇಳುತ್ತಾ ಹೇಳುತ್ತಾ ಅದು ಶುದ್ಧ ಸುಳ್ಳಿನ ಹಾಗೆ ನನ್ನ ಕಿವಿಗೇ ಕೇಳಿಸಿತು. ಅವರು ಫೋನು ಕೈಗೆ ತೆಗೆದುಕೊಂಡರು.

ಅಜ್ಜಿ ತಡೀರಿ ಅಂದರು. ಮೇಜು ಹಿಡಿದು ಎದ್ದು, ತಮ್ಮ ಪರ್ಸಿನಿಂದ ಒಂದು ಸಿಂಗಪುರದ ನಾಣ್ಯ ತೆಗೆದು ನನ್ನ ಕೈಗೇ ಕೊಟ್ಟರು. "ಹಾಕಿ ತೋರಿಸಿ."

ತೋರಿಸಿ ಅಂದರೆ ಹೇಗೆ? ಎಲ್ಲರ ಕಣ್ಣೂ ಕೈಮೇಲೆ ಇದ್ದಾಗ ಕೈ ಮರದ ಕೊರಡಾಯಿತು. ಎರಡನೇ ನಾಣ್ಯ ಕೊಟ್ಟರು, ಅದೂ ಅಂಗೈಯಲ್ಲೇ ಉಳಿಯಿತು. ಒಬ್ಬ ಬಾಯಿ ಕೊಂಕಿಸಿ ಬೇರೆ ಕಡೆ ನೋಡಿದ.

ಅಜ್ಜಿ ಮುರುಗೇಸನ್ನರನ್ನೂ ಇನ್ನು ನಾಲ್ಕು ಜನರನ್ನೂ ಕರೆದು, ನನ್ನನ್ನು ಒತ್ತಿಕೊಂಡು ಆ ಕಡೆ ಈ ಕಡೆ ದಾಟಿ ಎಂದರು. ಅವರು ನಾಚಿಕೊಂಡೇ ಒತ್ತಿದರು. ಆಮೇಲೆ ನನ್ನ ಊರು ಯಾವುದು, ಬಸ್ಸು ಎಲ್ಲಿಂದ ಎಲ್ಲಿಗೆ, ಡ್ರೈವರ್ ಒಳ್ಳೆಯವನಾಗಿದ್ದನೇ ಎಂದು ಕೇಳುತ್ತಾ, ನಡುನಡುವೆ ಒಂದೊಂದು ನಾಣ್ಯ ಕೊಟ್ಟರು.

"ನಾನು ಬಿಳಿಕೆರೆಯಲ್ಲಿ ಇಳಿಯಬೇಕು," ಅಂದರು ಕೊನೆಗೆ. "ನಿಲ್ಲಿಸುತ್ತೀರಾ?"

"ಎಕ್ಸ್‌ಪ್ರೆಸ್ ನಿಲ್ಲಾಕಿಲ್ಲ ಕಣವ್ವಾ," ಅಂದುಬಿಟ್ಟೆ. "ಹತ್ತೋಕ್ ಮುಂಚೆ ಕೇಳ್ಬಾರ್ದಾ? ಹಿಂದೆ ಶಟಲ್ ಬತ್ತದೆ. ಎಲ್ಲಾರ್ಗೂ ಎಲ್ಲಾ ಕಡೆ ನಿಲ್ಲುಸ್ತಾ ಹೋದ್ರೆ ಹುಣಸೂರು ಸೇರೋದು ಯಾವಾಗ? ಒಳಕ್ಕೆ ನಡೀರಿ, ಬಾಗ್ಲಲ್ಲಿ ನಿಲ್ಬೇಡಿ..."

ಬಿಳಿಕೆರೆಯವರಿಂದ ಎಷ್ಟು ವರ್ಷ ಈ ಮಾತು ಕೇಳಿದ್ದೇನೋ, ಎಲ್ಲ ಒಟ್ಟಿಗೆ ಕಕ್ಕಿದೆ. ಯಾರಿಗೂ ಅರ್ಥವಾಗಲಿಲ್ಲ. ಅಜ್ಜಿ ನನ್ನ ಕೈ ತೋರಿಸಿದರು. ಖಾಲಿ. ಕೊಟ್ಟ ನಾಣ್ಯಗಳಲ್ಲಿ ಒಂದೂ ಇರಲಿಲ್ಲ. ಅವರೇ ನನ್ನ ಚೀಲದ ಬಾಯಿ ತೆರೆದು ಅಲುಗಾಡಿಸಿದರು. ಒಳಗೆ ಸದ್ದಾಯಿತು.

ಆಮೇಲೆ ಆ ಸಭಾಂಗಣದಲ್ಲಿ ಎದ್ದ ನಗುವನ್ನು ನಾನು ಮರೆಯುವುದಿಲ್ಲ. ಮುರುಗೇಸನ್ ಕೂಡ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಚೆಲುವನ ಕೈ ಕುಲುಕಿ, ಪ್ರದರ್ಶನ ಎಲ್ಲಿದೆಯೋ ಅಲ್ಲೇ ಇರಲಿ ಅಂದರು. ಹೋಗುವ ಮುಂಚೆ ಏನೋ ನೆನಪಾದವರಂತೆ ನಿಂತು, ಚೀಲದಲ್ಲಿದೆ ಎಂದು ನಿಮಗೆ ಗೊತ್ತಾದದ್ದು ಯಾವಾಗ ಎಂದು ನನ್ನನ್ನು ಕೇಳಿದರು.

"ಈಗಲೇ, ಇಲ್ಲಿಗೆ ಬಂದ ಮೇಲೆ," ಅಂದೆ.

ಅದು ಸುಳ್ಳು. ಅಷ್ಟೆಲ್ಲ ಸತ್ಯ ಹೇಳಿದ ಬಾಯಿಗೆ ಅದೊಂದು ಹೇಳಲು ಆಗಲಿಲ್ಲ.

ಸಮ್ಮೇಳನದ ಎರಡನೇ ದಿನ, ಬೆಳಿಗ್ಗೆ

ಎದ್ದಾಗ ಪಕ್ಕದ ಮಂಚ ಖಾಲಿಯಿತ್ತು. ಸ್ನಾನ ಮಾಡಿ ಸಭಾಂಗಣಕ್ಕೆ ಹೋದರೆ ಚೆಲುವ ತನ್ನ ಪ್ರದರ್ಶನವನ್ನು ಬಿಚ್ಚುತ್ತಿದ್ದ. ಇಕ್ಕಳದಲ್ಲಿ ನಾಣ್ಯ ಎತ್ತುವುದು, ಕಾಗದದ ಲಕೋಟೆಗೆ ಇಳಿಸುವುದು, ಚೀಟಿ ಸೇರಿಸಿ ಮಡಿಸುವುದು. ಮುರುಗೇಸನ್ ಅವನ ಪಕ್ಕದಲ್ಲಿ ನಿಂತು, ತೀರ್ಪುಗಾರರು ಇನ್ನೇನು ಬರುತ್ತಾರೆ, ದಯವಿಟ್ಟು ಬಿಚ್ಚಬೇಡಿ ಎಂದು ಬೇಡಿಕೊಳ್ಳುತ್ತಿದ್ದರು. ಮಾತು ಕೊಟ್ಟಿದ್ದೆ ಸಾರ್ ಎಂದಷ್ಟೇ ಅವನ ಉತ್ತರ.

ನನಗೆ ತಡೆಯಲಾಗಲಿಲ್ಲ. "ಏನ್ಲಾ ಚೆಲುವ, ತಲೆ ಕೆಟ್ಟದಾ ನಿಂಗೆ? ಅವ್ರೇ ಇರ್ಲಿ ಅಂದ್ಮೇಲೆ ನಿಂದೇನ್ಲಾ? ತಪ್ಪು ನಂದು, ನನ್ ಮೇಲೆ ಸಿಟ್ಟಿದ್ರೆ ನನ್ನ ಬಯ್ಯಿ!"

"ನಿಮ್ಮೇಲೆ ಏನೂ ಸಿಟ್ಟಿಲ್ಲ, ಬುಡಿ ಸ್ವಾಮಣ್ಣ," ಅಂದ. ತಲೆ ಎತ್ತಲಿಲ್ಲ.

ಅಜ್ಜಿಯೂ ಬಂದರು. ಒಂದೊಂದೇ ಚೀಟಿಯನ್ನು ಕಷ್ಟಪಟ್ಟು ಓದಿ, ಗುರುಪುರ, ಬೇಗೂರು, ಪಿರಿಯಾಪಟ್ಟಣ ಅನ್ನುತ್ತಾ ಲಕೋಟೆಯ ಬಾಯಿ ಅಗಲಿಸಿ ಹಿಡಿದರು. ತೀರ್ಪುಗಾರರು ಮೂವರು ಹಲಗೆ ಪೆನ್ನು ಹಿಡಿದು ಬಂದಾಗ ಅಲ್ಲಿ ಕಪ್ಪು ಬಟ್ಟೆ ಮಾತ್ರ ಇತ್ತು. ಅವರು ಪಟ್ಟಿಯಲ್ಲಿ ಏನೋ ಗೀಚಿ ಮುಂದಿನ ಮೇಜಿಗೆ ಹೋದರು. ನನಗೆ ಅಳು ಬಂತು, ಬಚ್ಚಲ ಕಡೆಗೆ ಹೋದೆ.

ವಿಮಾನ ನಿಲ್ದಾಣದ ರೈಲು

ಮಧ್ಯಾಹ್ನದ ರೈಲು, ಬೋಗಿ ಅರ್ಧ ಖಾಲಿ. ನಾಣ್ಯದ ಪೆಟ್ಟಿಗೆ ನಮ್ಮಿಬ್ಬರ ಕಾಲ ನಡುವೆ. ಎರಡು ನಿಲ್ದಾಣ ದಾಟಿದ ಮೇಲೆ ಚೆಲುವ ಬಾಯಿಬಿಟ್ಟ.

"ಸ್ವಾಮಣ್ಣ, ಒಂದು ಕೇಳ್ತೀನಿ, ಬೇಜಾರ್ ಮಾಡ್ಕಬೇಡಿ. ಪಾಸ್‌ಪೋರ್ಟ್ ತೆಗೆಯೋಕೆ ಅಂತ ಚೀಲಕ್ಕೆ ಕೈ ಆಕುದ್ರಲ್ಲ, ಆಗ್ಲೇ ಸಿಕ್ತು ಅಲ್ವಾ?"

ಅವನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೂಂ ಕಣೋ. ನಿಂಗೆಂಗೊತ್ತಾಯ್ತು?"

"ಮೂವತ್ ವರ್ಷ ವಾಚ್ ರಿಪೇರಿ ಮಾಡೀವ್ನಿ. ಕೈ ಎಲ್ಲಿ ತಡೀತದೆ ಅಂತ ಕಾಣ್ತದೆ."

"ಗೊತ್ತಿದ್ದೂ ಯಾಕ್ಲಾ ಸುಮ್ಕಿದ್ದೆ?"

ಅವನು ಕಿಟಕಿಯ ಕಡೆ ತಿರುಗಿದ. "ನೀವು ಮೇಜಿನ ಕೆಳಿಕ್ಕೆ ಬಗ್ಗುದ್ರಲ್ಲ, ನಾನು ಹಿಂದೇನೇ ನಿಂತಿದ್ದೆ. ಅಲ್ಲೇ ಆಕ್ಬುಡ್ಲಿ ತಾಯಿ ಚಾಮುಂಡಿ, ಅಲ್ಲೇ ಆಕ್ಬುಡ್ಲಿ ಅಂತ ಬೇಡ್ಕತಿದ್ದೆ. ಆ ವಯಸ್ಸಾದೋರು ಮಂಡಿ ಊರ್ಕಂಡು ಹುಡುಕ್ತಾ ಇದ್ರು, ಅವ್ರು ನಿಮ್ಗೆ ಸಾರಿ ಅಂದಿದ್ದೂ ಕೇಳುಸ್ತು. ಆಗ್ಲೂ ಬೇಡ್ಕತಾನೇ ಇದ್ದೆ. ನೀವು ಎದ್ದು ಮೇಲೆ ಇಟ್ರಲ್ಲ, ಒಂದ್ ಗಳ್ಗೆ ನಿಮ್ಮನ್ನ ಬೈಕಂಡೆ ಕಣಣ್ಣ. ಇಷ್ಟಾದ್ಮೇಲೆ ನನ್ ಕಾಸ್ಗಳ್ನ ಎಂಗ್ ಆ ತೀರ್ಪುಗಾರ್ರ ಮುಂದೆ ಇಟ್ಕಂಡು ಸೈ ಅನ್ನುಸ್ಕಳ್ಳದು?"

ಇಷ್ಟು ಹೊತ್ತೂ ಅವನು ನನ್ನಿಂದಾಗಿ ಬಿಚ್ಚಿದ ಎಂದುಕೊಂಡು ಒಳಗೊಳಗೇ ಬೇಯುತ್ತಿದ್ದೆ.

"ನಾನೂ ಆಕೋದ್ರಲ್ಲೇ ಇದ್ದೆ ಕಣೋ ಚೆಲುವ," ಅಂದೆ. "ಬೆರಳು ಸಡ್ಲ ಮಾಡಿದ್ದೆ."

"ಗೊತ್ತು," ಅಂದ.

ನಿಲ್ದಾಣ ಬಂತು. ಪೆಟ್ಟಿಗೆಯ ಒಂದೊಂದು ಕಡೆ ಹಿಡಿದುಕೊಂಡು ಇಬ್ಬರೂ ಇಳಿದೆವು.